ಹುಳು ಹಣ್ಣಾಗೋ ಹೊತ್ತಿಗೇ ಇಂಟರ್ನಲ್ಸ್: ಈವನ್ ಸೆಮಿಸ್ಟರ್‌ನಲ್ಲಿ ಕಾಲೇಜು ಮಕ್ಕಳಿಗೆ ಮನೆಯವರು ಮಾಡಬಹುದಾದ್ದೇನು?

ಮುದ್ದೇನಹಳ್ಳಿ (ಚಿಕ್ಕಬಳ್ಳಾಪುರ): ಪದವಿ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸಮ ಸೆಮಿಸ್ಟರ್, ಅಂದರೆ ಮಕ್ಕಳ ಬಾಯಲ್ಲಿ 'ಈವನ್ ಸೆಮ್', ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಶುರುವಾಗಿ ಮಳೆಗಾಲ ಹಿಡಿಯುವವರೆಗೂ ನಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಮನೆಗೆಲಸ ಜಾಸ್ತಿ ಇರೋದೂ ಇದೇ ತಿಂಗಳುಗಳಲ್ಲಿ. ಶಿವರಾತ್ರಿಗೆ ನಂದಿ ಜಾತ್ರೆ, ಆಮೇಲೆ ಯುಗಾದಿ, ಅದರ ಬೆನ್ನಿಗೇ ಊರ ಜಾತ್ರೆಗಳು, ಮದುವೆಗಳು. ದ್ರಾಕ್ಷಿ ತೋಟದಲ್ಲಿ ಕಟಾವು, ಶಿಡ್ಲಘಟ್ಟ ಕಡೆ ರೇಷ್ಮೆ ಮನೆಯಲ್ಲಿ ಹುಳು. ಮನೆಯವರು ಬೇಕು ಅಂತಲೇ ಮಕ್ಕಳ ಓದು ಕೆಡಿಸೋದಿಲ್ಲ. 'ಎರಡು ದಿನ ತಾನೇ' ಅಂತ ಹಾಕಿಸಿದ ರಜೆಗಳೇ ಕೂಡಿ ಕೂಡಿ ಕೊನೆಗೆ ಹಾಲ್ ಟಿಕೆಟ್‌ಗೆ ಅಡ್ಡ ಬರುತ್ತವೆ.

ಎಷ್ಟೋ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಈ ಮಕ್ಕಳೇ ಮೊದಲಿಗರು. ಸೆಮಿಸ್ಟರ್ ಲೆಕ್ಕ ಅಪ್ಪ–ಅಮ್ಮನಿಗೆ ಹೊಸದು. ಹಾಗಾಗಿ ಮೊದಲು ಆ ಲೆಕ್ಕ ನೋಡೋಣ.

ಹಾಜರಾತಿ ಲೆಕ್ಕ

ವಿಟಿಯು ವ್ಯಾಪ್ತಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. ಅನಾರೋಗ್ಯದಂಥ ಸರಿಯಾದ ಕಾರಣ ಇದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ವಿನಾಯಿತಿ ಕೇಳಬಹುದು. ಅದು ಹಕ್ಕಲ್ಲ, ಕೊಟ್ಟರೆ ಉಂಟು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದ ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳಲ್ಲಿ ಶೇ. 75 ಬೇಕು.

ಒಂದು ಸೆಮಿಸ್ಟರ್‌ನಲ್ಲಿ 90 ದಿನ ತರಗತಿ ನಡೆಯುತ್ತದೆ ಅಂತಿಟ್ಟುಕೊಳ್ಳಿ. ಶೇ. 85 ಅಂದರೆ ತಪ್ಪಿಸಬಹುದಾದದ್ದು 13 ದಿನ ಮಾತ್ರ. ಶೇ. 75 ಅಂದರೆ 22 ದಿನ.

ಈಗ ಇದನ್ನು ರೇಷ್ಮೆ ಮನೆಗೆ ಹೊಂದಿಸಿ ನೋಡಿ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ವಿಪರೀತ ಸೊಪ್ಪು ತಿನ್ನುತ್ತದೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಆ ವಾರದಲ್ಲೇ ಖರ್ಚಾಗುತ್ತದೆ. ಆಗ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಕಾಲೇಜಿಗೆ ಹೋಗೋ ಮಗನನ್ನೋ ಮಗಳನ್ನೋ ಆ ವಾರ ಮನೆಯಲ್ಲೇ ಉಳಿಸಿಕೊಂಡರೆ ಭಾನುವಾರ ಬಿಟ್ಟು 6 ದಿನ ಹೋಯಿತು. ಸೆಮಿಸ್ಟರ್‌ನಲ್ಲಿ ಎರಡು ಬೆಳೆ ತೆಗೆದರೆ 12 ದಿನ. ಇಂಜಿನಿಯರಿಂಗ್ ಓದುವವರಿಗೆ ಉಳಿಯೋದು ಒಂದೇ ದಿನ. ಜ್ವರ ಬಂದು ಮಲಗಿದರೆ ಅದೂ ಇಲ್ಲ. ಡಿಗ್ರಿಯವರಿಗೆ 10 ದಿನ ಉಳಿಯುತ್ತದೆ. ಮೂರು ಮದುವೆಗೆ ಎರಡೆರಡು ದಿನ, ಜಾತ್ರೆಗೆ ಎರಡು ದಿನ ಕಳೆಯಿರಿ. ಕೈಲಿ ಎರಡೇ ದಿನ.

ಇನ್ನೊಂದು ವಿಷಯ ಬಹಳ ಮನೆಯವರಿಗೆ ಗೊತ್ತಿರೋದಿಲ್ಲ. ಲ್ಯಾಬ್ ಸಾಮಾನ್ಯವಾಗಿ ವಾರಕ್ಕೆ ಒಂದೇ ಸಲ ಇರುತ್ತದೆ. 14 ಲ್ಯಾಬ್ ನಡೆದರೆ ಶೇ. 85ರ ಲೆಕ್ಕದಲ್ಲಿ ತಪ್ಪಿಸಬಹುದಾದದ್ದು ಎರಡು, ಶೇ. 75ರಲ್ಲಿ ಮೂರು. ಪ್ರತಿ ಸಲವೂ ಒಂದೇ ವಾರದ ದಿನ ರಜೆ ಹಾಕಿಸಿದರೆ, ಉಳಿದ ವಿಷಯಗಳಲ್ಲಿ ಹಾಜರಾತಿ ಚೆನ್ನಾಗಿದ್ದರೂ ಆ ಲ್ಯಾಬ್‌ನಲ್ಲಿ ಸಿಕ್ಕಿಬೀಳುತ್ತಾರೆ. ರಜೆ ಬೇಕೇ ಬೇಕು ಅಂದರೆ 'ಅವತ್ತು ಲ್ಯಾಬ್ ಇದೆಯಾ?' ಅಂತ ಕೇಳಿ ಆಮೇಲೆ ದಿನ ಗೊತ್ತುಮಾಡೋದು ಒಳ್ಳೇದು.

ಮನೆಗೆಲಸ ಬಿಡೋಕಾಗಲ್ಲ, ಹಂಚಿಕೊಳ್ಳಬಹುದು

ಕೆಲಸವೇ ಹೇಳಬೇಡಿ ಅನ್ನೋದು ರೈತರ ಮನೆಯಲ್ಲಿ ನಡೆಯೋ ಮಾತಲ್ಲ. ಬೆಳೆ ಕೈಕೊಟ್ಟರೆ ಫೀಸೂ ಇಲ್ಲ. ಆದರೆ ಬೆಳಗಿನ ಮೇವು, ರಾತ್ರಿ ಮೇವು ಮಕ್ಕಳು ಹಾಕಲಿ, ಹಗಲಿನದನ್ನು ಮನೆಯವರೋ ಕೂಲಿಯವರೋ ನೋಡಿಕೊಳ್ಳಲಿ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಎಲ್ಲರೂ ಬೇಕು, ಆ ಒಂದೆರಡು ದಿನಕ್ಕೆ ಮಾತ್ರ ರಜೆ ಹಾಕಿಸಿ. ಬಿಡಿ ಸೊಪ್ಪಿನ ಬದಲು ಕಡ್ಡಿ ಸಮೇತ ಮೇವು ಕೊಡುವ ಮನೆಗಳಲ್ಲಿ ಆಳಿನ ಖರ್ಚೂ ಕಡಿಮೆ, ಈ ತಾಪತ್ರಯವೂ ಕಡಿಮೆ.

ಚಾಕಿ ಹುಳು ತರುವ ಮೊದಲೇ ಕಾಲೇಜಿನ ಇಂಟರ್ನಲ್ಸ್ ದಿನಾಂಕ ಕೇಳಿಕೊಳ್ಳಬೇಕು. ಎರಡನೇ ಜ್ವರದ ಹುಳು ಮನೆಗೆ ಬಂದರೆ ಗೂಡು ಕಟ್ಟುವ ಹೊತ್ತು ಯಾವಾಗ ಅಂತ ರೈತರಿಗೆ ಬೆರಳ ತುದಿಯಲ್ಲೇ ಲೆಕ್ಕ ಇರುತ್ತದೆ. ಒಂದು ವಾರ ಹಿಂದೆ ಮುಂದೆ ಮಾಡಲು ಆಗುವುದಾದರೆ ಆ ಲೆಕ್ಕದಲ್ಲಿ ಇಂಟರ್ನಲ್ಸೂ ಸೇರಲಿ. ಕಾಲೇಜಿನ ಕ್ಯಾಲೆಂಡರ್‌ನ ಒಂದು ಜೆರಾಕ್ಸ್ ಪ್ರತಿ ಮನೆಯ ಪಂಚಾಂಗದ ಪಕ್ಕ ನೇತುಹಾಕಿದರೆ ಸಾಕು.

ಇಂಟರ್ನಲ್ಸ್ ಅಂದರೆ ಚಿಕ್ಕ ಪರೀಕ್ಷೆ ಅಲ್ಲ

'ಅದು ಬರೀ ಟೆಸ್ಟು, ಫೈನಲ್‌ನಲ್ಲಿ ನೋಡಿಕೊಂಡರಾಯಿತು' ಅನ್ನೋ ಮಾತು ಹಲವು ಮನೆಗಳಲ್ಲಿ ಕೇಳುತ್ತದೆ. ವಿಟಿಯುನಲ್ಲಿ ಥಿಯರಿ ವಿಷಯದ ಒಟ್ಟು 100 ಅಂಕದಲ್ಲಿ 50 ಅಂಕ ಸೆಮಿಸ್ಟರ್ ಪೂರ್ತಿ ನಡೆಯುವ ಆಂತರಿಕ ಮೌಲ್ಯಮಾಪನದ್ದು. ಅದರಲ್ಲಿ ಕನಿಷ್ಠ 20 ಬಾರದಿದ್ದರೆ ಆ ವಿಷಯದ ಅಂತಿಮ ಪರೀಕ್ಷೆಗೇ ಕೂರಿಸುವುದಿಲ್ಲ. ಪದವಿ ಕಾಲೇಜುಗಳಲ್ಲಿ ಆಂತರಿಕ ಅಂಕದ ಪಾಲು ಬೇರೆ. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಯಾಗಿದ್ದು, ಅದಕ್ಕೂ ಮೊದಲು ಸೇರಿದ ಅಣ್ಣ–ಅಕ್ಕಂದಿರ ಲೆಕ್ಕ ಈಗಿನ ತಮ್ಮ–ತಂಗಿಗೆ ಹೊಂದುವುದಿಲ್ಲ. ಅವರವರ ಬ್ಯಾಚಿನ ನಿಯಮವನ್ನು ಕಾಲೇಜಿನಲ್ಲೇ ಕೇಳಬೇಕು.

ಹಿಂದಿನ ಸೆಮಿಸ್ಟರ್ ರಿಸಲ್ಟ್ ಬಂದ ದಿನ

ಆಡ್ ಸೆಮಿಸ್ಟರ್ ಫಲಿತಾಂಶ ಬರುವ ಹೊತ್ತಿಗೆ ಈವನ್ ಸೆಮಿಸ್ಟರ್ ತರಗತಿಗಳು ನಡೆಯುತ್ತಿರುತ್ತವೆ. ಎರಡು ವಿಷಯ ಹೋಗಿದೆ ಅಂತ ಗೊತ್ತಾದ ದಿನ ಬೈದರೆ, ಮುಂದಿನ ಸಲ ರಿಸಲ್ಟ್ ಬಂದಿರೋದೇ ಮನೆಗೆ ಗೊತ್ತಾಗೋದಿಲ್ಲ. ಬೇರೆ ಮನೆಯ ಮಕ್ಕಳ ಅಂಕ ಎತ್ತಿ ಆಡಿದರೂ ಅಷ್ಟೇ.

ಆ ದಿನ ಮೂರು ಪ್ರಶ್ನೆ ಸಾಕು. ಮರುಮೌಲ್ಯಮಾಪನಕ್ಕೆ ಹಾಕಬೇಕಾ, ಕೊನೇ ದಿನ ಯಾವಾಗ? ಉಳಿದ ವಿಷಯ ಮತ್ತೆ ಬರೆಯೋದು ಯಾವಾಗ, ಫೀಸ್ ಎಷ್ಟು? ಯಾವ ವಿಷಯಕ್ಕೆ ಯಾರ ಹತ್ತಿರ ಹೇಳಿಸಿಕೊಳ್ಳಬಹುದು? ಮರುಮೌಲ್ಯಮಾಪನಕ್ಕೆ ಕೆಲವೇ ದಿನ ಗಡುವು ಇರುತ್ತದೆ. ಭಯಕ್ಕೆ ಮನೆಯಲ್ಲಿ ಹೇಳದೆ ಆ ಗಡುವು ದಾಟಿಸಿಕೊಳ್ಳುವ ಮಕ್ಕಳೂ ಇದ್ದಾರೆ.

ಮಗು ಊಟ ಬಿಡುವುದು, ನಿದ್ದೆ ಕೆಡುವುದು, ಸ್ನೇಹಿತರ ಜತೆ ಮಾತು ನಿಲ್ಲಿಸುವುದು, 'ನಾನಿದ್ದು ಏನು ಪ್ರಯೋಜನ' ಅನ್ನುವುದು ಕಂಡರೆ ಅದನ್ನು ನಾಟಕ ಅನ್ನಬೇಡಿ. ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೂ ಹೋಗಬಹುದು. ರ‍್ಯಾಗಿಂಗ್ ತೊಂದರೆ ಇದ್ದರೆ 1800-180-5522.

ದುಡ್ಡಿನ ವಿಷಯ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ಸುಮ್ಮನಾಗೋದು ದೊಡ್ಡ ತಪ್ಪು. ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಚಾಲ್ತಿಯಲ್ಲಿ ಇಲ್ಲದಿದ್ದರೆ, ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ಆಗಾಗ ನೋಡುತ್ತಿರಬೇಕು.

ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ಬಿಎ, ಬಿಎಸ್ಸಿ, ಬಿಕಾಂಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂ.; ಇಂಜಿನಿಯರಿಂಗ್, ಎಂಬಿಬಿಎಸ್, ಸ್ನಾತಕೋತ್ತರಕ್ಕೆ 10,000 ಮತ್ತು 11,000 ರೂ. ನಿಗದಿಯಾಗಿದೆ. ಹಿಂದುಳಿದ ವರ್ಗಗಳ ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿಯಲ್ಲಿ ಊಟ–ವಸತಿಗೆ 10 ತಿಂಗಳು ನೆರವು. ಇವು ತಡವಾಗಿ ಬರುವುದೂ ಉಂಟು. ಹಾಗಾಗಿ ಪರೀಕ್ಷಾ ಶುಲ್ಕಕ್ಕೆ ಇವನ್ನೇ ನಂಬಿ ಕೂರದೆ, ಹಾಲಿನ ಬಟವಾಡೆ ಬಂದಾಗಲೋ ಗೂಡು ಮಾರಿದಾಗಲೋ ಫೀಸಿನ ದುಡ್ಡು ಮೊದಲೇ ಎತ್ತಿಡಬೇಕು.

ಹೆಣ್ಣುಮಕ್ಕಳು, ಮದುವೆ, ಬಸ್ಸು

ಬೇಸಿಗೆ ಲಗ್ನಗಳ ಕಾಲ. ಆರನೇ ಸೆಮಿಸ್ಟರ್ ಪರೀಕ್ಷೆಗೆ ಎರಡು ತಿಂಗಳಿರುವಾಗ ಮದುವೆ ಗೊತ್ತಾದರೆ, 'ಆಮೇಲೆ ಬರೆದರಾಯಿತು' ಅಂದ ಪರೀಕ್ಷೆ ಎಷ್ಟೋ ಸಲ ಹಾಗೇ ಉಳಿದುಬಿಡುತ್ತದೆ. ಮೂರು ವರ್ಷ ಬಸ್ಸು ಹತ್ತಿ ಇಳಿದಿದ್ದಕ್ಕೆ ಕೈಲಿ ಡಿಗ್ರಿ ಇಲ್ಲ. ಮಾತುಕತೆಗೆ ಕೂತಾಗಲೇ 'ಪರೀಕ್ಷೆ ಮುಗಿದ ಮೇಲೆ ಮುಹೂರ್ತ' ಅನ್ನುವ ಷರತ್ತು ಹುಡುಗಿ ಕಡೆಯವರು ಇಡಬಹುದು. ಸಾಲೆಯೋ ಛತ್ರವೋ ಒಂದು ತಿಂಗಳು ತಡವಾಗಿ ಸಿಕ್ಕರೆ ನಷ್ಟವಿಲ್ಲ.

ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಉಳಿದಿದೆ, ಹೋಗಿಬರುವ ಸಮಯ ಉಳಿದಿಲ್ಲ. ಸುತ್ತಲ ಹಳ್ಳಿಗಳಿಂದ ಚಿಕ್ಕಬಳ್ಳಾಪುರಕ್ಕೋ ಸುಮಾರು 60 ಕಿ.ಮೀ. ದೂರದ ಬೆಂಗಳೂರಿಗೋ ದಿನಾ ಓಡಾಡಿ ಕತ್ತಲಾದ ಮೇಲೆ ಮನೆಗೆ ಬಂದ ಹುಡುಗಿಯ ಕೈಗೆ ಪಾತ್ರೆ, ತಮ್ಮನ ಕೈಗೆ ಮೊಬೈಲು ಅನ್ನೋದು ನ್ಯಾಯವಲ್ಲ. ಪರೀಕ್ಷೆ ತಿಂಗಳಲ್ಲಾದರೂ ಪಾತ್ರೆಯ ಕೆಲಸ ಹಂಚಿಕೆಯಾಗಲಿ.

ಮುದ್ದೇನಹಳ್ಳಿಯ ಹಳೇ ಉದಾಹರಣೆ

ಈ ಊರಿನ ವಿಶ್ವೇಶ್ವರಯ್ಯನವರ ಹೆಸರು ಹೇಳಿ 'ಅವರ ಹಾಗೆ ಓದು' ಅನ್ನೋದು ಇಲ್ಲಿ ರೂಢಿ. ಅವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿಎ ಮುಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ನೆರವು ಸಿಕ್ಕಿತು. ಬುದ್ಧಿ, ಶ್ರಮ ಅವರದೇ. ಆದರೆ ಜತೆಗೆ ನೆಂಟರ ಮನೆಯ ಆಸರೆ ಮತ್ತು ಸರ್ಕಾರದ ಹಣವೂ ಇತ್ತು. ಇವತ್ತು ಬೆಂಗಳೂರಿನಲ್ಲಿ ಮನೆ ಮಾಡಿರುವ ಮಾವ, ಚಿಕ್ಕಪ್ಪಂದಿರು ಪರೀಕ್ಷೆಯ ಮೂರು ವಾರ ಊರಿನ ಒಂದು ಮಗುವಿಗೆ ಜಾಗ ಕೊಟ್ಟರೆ, ದಿನಕ್ಕೆ ಮೂರ್ನಾಲ್ಕು ಗಂಟೆಯ ಬಸ್ ಪ್ರಯಾಣ ಉಳಿಯುತ್ತದೆ.

ಈ ವಾರವೇ ಮಾಡಬಹುದಾದದ್ದು

ಕಾಲೇಜಿನಿಂದ ಕ್ಯಾಲೆಂಡರ್ ತರಿಸಿ ಇಂಟರ್ನಲ್ಸ್ ದಿನ ಗುರುತು ಹಾಕಿ. ಇಲ್ಲಿವರೆಗಿನ ಹಾಜರಾತಿ ವಿಷಯವಾರು ಎಷ್ಟಿದೆ ಅಂತ ಕೇಳಿ. ಎಸ್‌ಎಸ್‌ಪಿ ಅರ್ಜಿಯ ಸ್ಥಿತಿ ನೋಡಿ. ಪೋಷಕರ ಸಭೆ ಕರೆದರೆ ತಪ್ಪಿಸಬೇಡಿ, ಓದು ಬರದಿದ್ದರೂ ಪರವಾಗಿಲ್ಲ, ಕೇಳೋದಕ್ಕೆ ಓದು ಬೇಕಿಲ್ಲ. ತರಗತಿ ಮೇಷ್ಟ್ರ ಫೋನ್ ನಂಬರ್ ಮನೆಯಲ್ಲಿ ಬರೆದಿಟ್ಟುಕೊಳ್ಳಿ. ಹಾಜರಾತಿ ಕಡಿಮೆಯಾಗುತ್ತಿದ್ದರೆ ಮೊದಲ ತಿಂಗಳಲ್ಲೇ ಸರಿಮಾಡಿಕೊಳ್ಳಬಹುದು, ಹಾಲ್ ಟಿಕೆಟ್ ಕೊಡುವ ವಾರ ಹೋಗಿ ಕೈಮುಗಿದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.