ಖಡಕ್ ರೊಟ್ಟಿ ಉಂಟು, ಖಡಕ್ ಮಳೆ ಇಲ್ಲ

ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾದಾಗಲೆಲ್ಲ ಧ್ವನಿವರ್ಧಕ ಒಂದು ವಾಕ್ಯ ಒದರುತ್ತದೆ. ಕನ್ನಡ, ಹಿಂದಿ ಮುಗಿದ ಮೇಲೆ ಇಂಗ್ಲಿಷಿನ ಸರದಿ: ‘ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್.’ 1874ರಲ್ಲಿ ಸಿಕಂದರಾಬಾದಿನ ಕಡೆಗೆ ನಿಜಾಮರ ಹಳಿ ತೆರೆದಂದಿನಿಂದ ಎರಡು ದೊಡ್ಡ ಮಾರ್ಗಗಳು ಕೂಡುವ ಊರಿದು. ರೈಲಿಗೆ ಕಾಯುವುದು ಇಲ್ಲಿನವರಿಗೆ ಹೊಸದಲ್ಲ. ಹಾಗಾಗಿ ಆ ವಾಕ್ಯ ಪ್ಲಾಟ್‌ಫಾರ್ಮಿನ ಚಹಾದವನ ಬಾಯಿಗೂ ಬಂದುಬಿಟ್ಟಿದೆ. ತಮಾಷೆಯೆಂದರೆ, ಅದೇ ‘ಇನ್‌ಕನ್ವೀನಿಯನ್ಸ್’, ಅದೇ ‘ರಿಗ್ರೆಟ್’ ಕೋಚಿಂಗ್ ನೋಟ್ಸಿನ ‘ಕಠಿಣ ಪದಗಳು’ ಪಟ್ಟಿಯಲ್ಲಿ ಕಂಡರೆ ವಿದ್ಯಾರ್ಥಿ ಬೆಚ್ಚಿ ಅದನ್ನು ಹತ್ತು ಸಲ ಬರೆಯುತ್ತಾನೆ.

ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳಲ್ಲಿ ಪೊಲೀಸ್, ಬ್ಯಾಂಕು, ಪಿಡಿಒ ಪರೀಕ್ಷೆಗಳಿಗೆ ಕೂತವರ ನೋಟ್‌ಬುಕ್ಕುಗಳಿಗೆ ಒಂದು ಅಚ್ಚು ಇರುತ್ತದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ, ಜಾಗ ಉಳಿದರೆ ಕೆಳಗೊಂದು ವಾಕ್ಯ. ಈ ಶ್ರಮ ಸುಳ್ಳಲ್ಲ. ಅದರ ಸುತ್ತ ಬೆಳೆದ ನಂಬಿಕೆಗಳಲ್ಲಿ ಬಹಳಷ್ಟು ಸುಳ್ಳು.

‘ದಪ್ಪ ದಪ್ಪ ವರ್ಡ್ ಬಂದ್ರ ಇಂಗ್ಲಿಷ್ ಬಂದಂಗ’

ಬರುವುದಿಲ್ಲ. ಮೈಕೆಲ್ ವೆಸ್ಟ್ ಎಂಬ ಶಿಕ್ಷಕ 1953ರಲ್ಲಿ ಇಂಗ್ಲಿಷಿನ ಸುಮಾರು 2000 ಮುಖ್ಯ ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಸಾಮಾನ್ಯ ಬರಹದಲ್ಲಿ ಹತ್ತರಲ್ಲಿ ಎಂಟು ಪದಗಳು ಆ ಪಟ್ಟಿಯೊಳಗೇ ಸಿಗುತ್ತವೆ. 2000ನೇ ಇಸವಿಯಲ್ಲಿ ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ ಅದರ ಮೇಲಿನ ಮೆಟ್ಟಿಲು ಕಟ್ಟಿದರು. ‘ಅನಲೈಸ್’, ‘ಎವಿಡೆನ್ಸ್’, ‘ಪಾಲಿಸಿ’, ‘ಸಿಗ್ನಿಫಿಕಂಟ್’ ಥರದ 570 ಪದಕುಟುಂಬಗಳ ಪಟ್ಟಿ ಅದು; ಒಂದು ಮೂಲಪದ, ಅದರಿಂದ ಹುಟ್ಟಿದ ರೂಪಗಳು ಸೇರಿದರೆ ಒಂದು ಕುಟುಂಬ. ಪಠ್ಯಪುಸ್ತಕ, ಪ್ರಬಂಧಗಳಂಥ ವಿದ್ವತ್ ಬರಹದ ನೂರು ಪದಗಳಲ್ಲಿ ಹತ್ತು ಇವೇ. ದಿನಕ್ಕೆ ಐದರಂತೆ ಕಲಿತರೆ 114 ದಿನದ ಕೆಲಸ. ಜೂನ್‌ನಲ್ಲಿ ಹಿಡಿದವರು ದಸರೆಯ ಹೊತ್ತಿಗೆ ಮುಗಿಸಬಹುದು.

ಹಾಗಂತ ಮೇಲಿನ ಹಂತದ ಪದಗಳು ಬೇಡವೇ ಬೇಡ ಅನ್ನುವುದೂ ತಪ್ಪೇ. ಕಾದಂಬರಿ, ಪತ್ರಿಕೆಗಳನ್ನು ನಿಘಂಟು ಮುಟ್ಟದೆ ಓದಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕು ಎಂದು ಪದಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಪ್ರಶ್ನೆ ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂಬ ಗೂಡ್ಸ್ ರೈಲಿನಂಥ ಪದವನ್ನು ಬಾಯಿಪಾಠ ಮಾಡಿ ಗೆಳೆಯರನ್ನು ಬೆರಗಾಗಿಸುವವರು ಎಲ್ಲ ಕಾಲೇಜಿನಲ್ಲೂ ಒಬ್ಬರಿರುತ್ತಾರೆ. ಅದರ ಅರ್ಥ: ಯಾವುದನ್ನೋ ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕುವುದು. ಪದದ ಗತಿಯೂ ಅದೇ.

‘ಒಂದು ವರ್ಡಿಗಿ ಒಂದೇ ಅರ್ಥ’

ಇದೇ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ. ಇದನ್ನು ಅಲುಗಿಸಲು ಇಂಗ್ಲಿಷಿನ ತನಕ ಹೋಗುವುದೂ ಬೇಡ. ‘ಹಾಕು’ ಎಂಬ ಕನ್ನಡ ಪದಕ್ಕೆ ಒಂದೇ ಅರ್ಥ ಬರೆಯಿರಿ ಎಂದು ಯಾರಿಗಾದರೂ ಹೇಳಿ ನೋಡಬೇಕು. ಅಂಗಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ಓಟು ಹಾಕುತ್ತೇವೆ, ರಜೆ ಹಾಕುತ್ತೇವೆ, ಸೈಕಲ್ಲಿಗೆ ಗಾಳಿ ಹಾಕುತ್ತೇವೆ, ಅಳಿಯನ ಮೇಲೆ ಸಿಟ್ಟಾದರೆ ಮುಖ ಗಂಟು ಹಾಕುತ್ತೇವೆ. ಇಂಗ್ಲಿಷಿನ ‘ಸೆಟ್’ ಕೂಡ ಇದೇ ಜಾತಿಯದು. 1989ರ ಆಕ್ಸ್‌ಫರ್ಡ್ ಮಹಾನಿಘಂಟು ಅದೊಂದೇ ಪದಕ್ಕೆ 430ರಷ್ಟು ಅರ್ಥಛಾಯೆಗಳನ್ನು ಕೊಟ್ಟಿದೆ. ನೋಟ್‌ಬುಕ್ಕಿನ ಬಲಗಡೆಯ ಗೆರೆಯಲ್ಲಿ ಇಷ್ಟು ಹಿಡಿಸುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಅರ್ಥ ಸರಿಯಿದ್ದರೂ ಜೊತೆ ಸರಿಯಿರಬೇಕಾಗುತ್ತದೆ. ಕಲಬುರಗಿ ಸೀಮೆಯಲ್ಲಿ ರೊಟ್ಟಿ ಖಡಕ್, ಚಹಾ ಖಡಕ್, ಸಾಹೇಬರೂ ಖಡಕ್. ಮೂರೂ ಕಡೆ ಅರ್ಥ ಬೇರೆ ಬೇರೆ, ಆದರೂ ಯಾರಿಗೂ ಗೊಂದಲವಿಲ್ಲ. ಮಳೆಗೆ ಮಾತ್ರ ಯಾರೂ ಖಡಕ್ ಅನ್ನುವುದಿಲ್ಲ. ಅದು ಜೋರು ಮಳೆ. ಇಂಗ್ಲಿಷಿನಲ್ಲೂ ಚಹಾ ‘ಸ್ಟ್ರಾಂಗ್’, ಮಳೆ ‘ಹೆವಿ’. ಪಟ್ಟಿಯಲ್ಲಿ ‘ಸ್ಟ್ರಾಂಗ್ ಅಂದರೆ ಜೋರು’ ಎಂದಷ್ಟೇ ಓದಿಕೊಂಡವರು ‘ಸ್ಟ್ರಾಂಗ್ ರೇನ್’ ಎಂದು ಬರೆಯುತ್ತಾರೆ. ವ್ಯಾಕರಣದಲ್ಲಿ ತಪ್ಪಿಲ್ಲ, ಕಿವಿಗೆ ಮಾತ್ರ ಕಲ್ಲು ಸಿಕ್ಕಂತಾಗುತ್ತದೆ.

ಈ ವಿಷಯ ಮೊದಲು ಹೊಳೆದದ್ದು ಇಂಗ್ಲಿಷ್ ಪಂಡಿತರಿಗಲ್ಲ ಎಂದು ಸೇಡಂ ತಾಲ್ಲೂಕಿನವರು ಸ್ವಲ್ಪ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಕಾಗಿಣಾ ದಂಡೆಯ ಮಳಖೇಡ 9ನೇ ಶತಮಾನದಲ್ಲಿ ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಯಾವ ಪದ ಯಾವುದರ ಜೊತೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಆಗಲೇ ತಲೆ ಕೆಡಿಸಿಕೊಂಡಿತ್ತು. ಕನ್ನಡಕ್ಕೆ ಸಂಸ್ಕೃತವನ್ನು ಹದವರಿಯದೆ ಬೆರೆಸುವುದನ್ನು ಅದು ಕುದಿವ ಹಾಲಿಗೆ ಬಿದ್ದ ಮಜ್ಜಿಗೆ ಹನಿಗೆ ಹೋಲಿಸುತ್ತದೆ. ‘ಸ್ಟ್ರಾಂಗ್ ರೇನ್’ ಕೂಡ ಅಂಥದೇ ಹನಿ.

ಉದಾಹರಣೆ ವಾಕ್ಯಗಳ ಬೆಲೆ ತಿಳಿಯುವುದು ಇಲ್ಲಿಯೇ. ಬರ್ಮಿಂಗ್‌ಹ್ಯಾಮಿನಲ್ಲಿ ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್ ಮತ್ತು ಸಂಗಡಿಗರು ನಿಜವಾಗಿ ಬಳಕೆಯಲ್ಲಿದ್ದ ಇಂಗ್ಲಿಷನ್ನು ರಾಶಿಗಟ್ಟಲೆ ಕಂಪ್ಯೂಟರಿಗೆ ತುಂಬಿ, 1987ರಲ್ಲಿ ‘ಕೋಬಿಲ್ಡ್’ ನಿಘಂಟನ್ನು ತಂದರು. ಪದಕ್ಕೆ ಪದ ಕೊಡುವ ಬದಲು ಅದು ಇಡೀ ವಾಕ್ಯದಲ್ಲೇ ಅರ್ಥ ಹೇಳಿತು. ಇಂಥ ರಾಶಿಗಳನ್ನು ಜಾಲಾಡಿದವರಿಗೆ ಒಂದು ಸಂಗತಿ ಕಂಡಿತು: ‘ಕಾಸ್’ ಎಂಬ ಕ್ರಿಯಾಪದದ ನೆಂಟರೆಲ್ಲ ಹೆಚ್ಚಾಗಿ ಕೆಟ್ಟವರು. ಅಪಘಾತ, ಹಾನಿ, ತೊಂದರೆ, ರೋಗ. ಕನ್ನಡದ ‘ತುತ್ತಾಗು’ ಇದ್ದಂತೆ. ಬೆಂಕಿಗೆ ತುತ್ತಾದರು, ಟೀಕೆಗೆ ತುತ್ತಾದರು ಅನ್ನುತ್ತೇವೆ; ಪ್ರಶಸ್ತಿಗೆ ತುತ್ತಾದವರು ಯಾರೂ ಇಲ್ಲ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ‘ಕಾಸ್ಡ್’ ಪದ ‘ಇನ್‌ಕನ್ವೀನಿಯನ್ಸ್’ ಬೆನ್ನಿಗೇ ನಿಂತಿರುವುದು ಸುಮ್ಮನೆ ಅಲ್ಲ. ‘ಉಂಟುಮಾಡು’ ಎಂಬ ಅರ್ಥ ಬರೆದುಕೊಂಡವರಿಗೆ ಈ ಗುಟ್ಟು ಎಂದೂ ಸಿಗುವುದಿಲ್ಲ.

‘ಒಂದೇ ಅರ್ಥದ ಪದ ಕೂಡಿಸಿ ಕಲೀಬೇಕು, ಲಗೂನ ಬರ್ತಾವ’

ಗೈಡುಗಳಿಗೆ ಇದು ಬಲು ಪ್ರಿಯ. ‘ಎಫೆಮೆರಲ್’, ‘ಟ್ರಾನ್ಸಿಯೆಂಟ್’, ‘ಫ್ಲೀಟಿಂಗ್’, ‘ಇವನೆಸೆಂಟ್’: ನಾಲ್ಕಕ್ಕೂ ಒಂದೇ ಕನ್ನಡ, ‘ಕ್ಷಣಿಕ’. ಪರೀಕ್ಷೆಯ ದಿನ ನಾಲ್ಕೂ ಒಂದರೊಳಗೊಂದು ಕಲಸಿಹೋಗುತ್ತವೆ. 1990ರ ದಶಕದಲ್ಲಿ ಸಂಶೋಧಕ ಥಾಮಸ್ ಟಿಂಕಮ್ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಗುಂಪಿಗೆ ಸೇರಿದ ಹೊಸ ಪದಗಳನ್ನು ಒಟ್ಟಿಗೆ ಕಲಿಯುವುದು ಸಂಬಂಧವಿಲ್ಲದ ಪದಗಳನ್ನು ಕಲಿಯುವುದಕ್ಕಿಂತ ಕಷ್ಟವೆಂದು ಕಂಡುಬಂತು. ಒಂದು ಪದ ಚೆನ್ನಾಗಿ ಕೂತ ಮೇಲೆ ಅದರ ತಂಗಿಯನ್ನು ಪರಿಚಯಿಸಿಕೊಂಡರೆ ತೊಂದರೆಯಿಲ್ಲ.

‘ನೂರು ಸಲ ಓದಿದ್ರ ತಲ್ಯಾಗ ಕೂಡ್ತದ’

2008ರಲ್ಲಿ ಮನೋವಿಜ್ಞಾನಿಗಳಾದ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ಒಮ್ಮೆ ಬಂದ ಪದವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ನೋಡದೆ ಮತ್ತೆ ಮತ್ತೆ ನೆನಪಿಸಿಕೊಂಡರು. ಒಂದು ವಾರದ ಮೇಲೆ ನೋಡಿದರೆ, ನೆನಪಿಸಿಕೊಂಡವರ ತಲೆಯಲ್ಲಿ ಶೇ 80ರಷ್ಟು ಪದ ಉಳಿದಿದ್ದವು. ನೆನಪಿಸಿಕೊಳ್ಳುವುದನ್ನು ನಿಲ್ಲಿಸಿ ಓದುತ್ತಲೇ ಇದ್ದವರಿಗೆ ಉಳಿದದ್ದು ಮೂರನೇ ಒಂದು ಭಾಗದಷ್ಟು. ಇನ್ನೂ ಸ್ವಾರಸ್ಯದ ಮಾತೆಂದರೆ, ‘ವಾರದ ನಂತರ ಎಷ್ಟು ನೆನಪಿರಬಹುದು?’ ಎಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಅರ್ಧ ಎಂದಿದ್ದರು. ಯಾವ ದಾರಿ ಒಳ್ಳೆಯದೆಂದು ಕಲಿಯುವವರಿಗೇ ಗೊತ್ತಾಗಿರಲಿಲ್ಲ. ಕಣ್ಣಾಡಿಸಿದಾಗ ಪದ ಪರಿಚಿತವಾಗಿ ಕಾಣುತ್ತದೆ. ಆ ಪರಿಚಯವನ್ನೇ ಮನಸ್ಸು ಕಲಿಕೆ ಎಂದು ತಿಳಿದುಬಿಡುತ್ತದೆ.

ಹೀಗೆ ನೋಡದೆ ನೆನಪಿಸಿಕೊಳ್ಳಲು ಬೇಕಾದ ಸಲಕರಣೆ ಕೆಲವು ಮನೆಗಳಿರುವ ಒಂದು ಖಾಲಿ ಡಬ್ಬಿ, ಒಂದಷ್ಟು ರಟ್ಟಿನ ಚೀಟಿ. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜರ್ಮನಿಯಲ್ಲಿ ಜನಪ್ರಿಯಗೊಳಿಸಿದ ಉಪಾಯ ಇದು. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಮತ್ತು ವಾಕ್ಯ. ಉತ್ತರ ಬಂದ ಚೀಟಿ ಮುಂದಿನ ಮನೆಗೆ ಹೋಗಿ ಕೆಲವು ದಿನ ಬಿಟ್ಟು ತಿರುಗಿ ಬರುತ್ತದೆ. ಬಾರದ್ದು ಮೊದಲ ಮನೆಗೇ ಮರಳಿ ನಾಳೆಯೇ ಎದುರಾಗುತ್ತದೆ.

‘ಕನ್ನಡ ಅರ್ಥ ಬರ್ಕೊಂಡ್ರ ಇಂಗ್ಲಿಷ್ ಬರಂಗಿಲ್ಲ’

ಮನೆಮಾತು ಇಂಗ್ಲಿಷಿಗೆ ಅಡ್ಡಿಯಲ್ಲ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟುಗಳ ಬೇರೇ ಲಂಡನ್ನಿನಲ್ಲಿಲ್ಲ. ಮೇಲೆ ಹೇಳಿದ ಮೈಕೆಲ್ ವೆಸ್ಟ್ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವನು. ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಕಂಡೇ ಪದಗಳನ್ನು ಎಣಿಸಲು ಹೊರಟವನು. 1935ರಲ್ಲಿ ಅವನು ತಂದ ನಿಘಂಟು ಸುಮಾರು 24,000 ಪದ, ನುಡಿಗಟ್ಟುಗಳನ್ನು ಬರೀ 1490 ಸರಳ ಪದಗಳಲ್ಲಿ ವಿವರಿಸಿತು. ಎ.ಎಸ್. ಹಾರ್ನ್‌ಬಿಯ ನಿಘಂಟು ಮೊದಲು ಅಚ್ಚಾದದ್ದು 1942ರಲ್ಲಿ, ಟೋಕಿಯೊದಲ್ಲಿ. ಆಕ್ಸ್‌ಫರ್ಡ್ ಅದನ್ನು ಕೈಗೆತ್ತಿಕೊಂಡದ್ದು ಆಮೇಲೆ. ಇಂಗ್ಲಿಷ್ ಮನೆಮಾತಲ್ಲದವರ ಕಷ್ಟ ಗೊತ್ತಿದ್ದವರು ಕಟ್ಟಿದ ಪುಸ್ತಕಗಳಿವು. ಇದಕ್ಕೆ ತದ್ವಿರುದ್ಧವಾಗಿ ಇಂಗ್ಲಿಷರಿಗಾಗಿ 1755ರಲ್ಲಿ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್, ‘ನೆಟ್‌ವರ್ಕ್’ ಎಂಬ ಬಲೆಯನ್ನು ವಿವರಿಸಲು ‘ರೆಟಿಕ್ಯುಲೇಟೆಡ್’, ‘ಡೆಕಸೇಟೆಡ್’ ಎಂಬ ಇನ್ನೂ ದೊಡ್ಡ ಬಲೆಗಳನ್ನು ಬೀಸಿದ್ದ.

ಹೊಸ ಪದದ ಮೊದಲ ಭೇಟಿಯಲ್ಲಿ ಮನೆಮಾತಿನ ಅರ್ಥ ತೆಗೆದುಕೊಳ್ಳುವುದನ್ನು ನೇಷನ್‌ರಂಥ ಸಂಶೋಧಕರೂ ಒಪ್ಪುತ್ತಾರೆ. ಅದು ಬಾಗಿಲು ತೆರೆಯುವ ಕೆಲಸ. ಒಳಗೆ ಹೋದ ಮೇಲೆ ಬೇಕಾಗುವುದು ಸರಳ ಇಂಗ್ಲಿಷಿನ ವಿವರಣೆ, ಎರಡು ಮೂರು ವಾಕ್ಯ. ಆ ಬಾಗಿಲು ಕನ್ನಡಿಗರಿಗೆ ಹಳೆಯದೇ: ವಿಲಿಯಂ ರೀವ್‌ನ ಇಂಗ್ಲಿಷ್–ಕನ್ನಡ ನಿಘಂಟು ಬಂದದ್ದು 1824ರಲ್ಲಿ. ಇಂಗ್ಲೆಂಡಿನ ಜೋಸೆಫ್ ಆಸ್ಪಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದೂ ಅದೇ ವರ್ಷ. ವಾಡಿ, ಸೇಡಂಗಳನ್ನು ಸಾಕುವ ಸಿಮೆಂಟಿಗೂ ಅಲ್ಲಿನ ಮಕ್ಕಳು ತಿರುವಿಹಾಕುವ ನಿಘಂಟಿಗೂ ಒಂದೇ ವಯಸ್ಸು.

ಇನ್ನು ‘ನಮ್ಮ ಭಾಷಾನ ಮಿಕ್ಸ್ ಅದ, ನಮಗೆಲ್ಲಿ ಇಂಗ್ಲಿಷ್’ ಎಂಬ ಕೀಳರಿಮೆ. ಚಿಂಚೋಳಿಯ ತಾಂಡಾದಲ್ಲಿ ಮನೆಯೊಳಗೆ ಲಂಬಾಣಿ, ಶಾಲೆಯಲ್ಲಿ ಕನ್ನಡ, ಗಡಿಯಾಚೆಯ ತಾಂಡೂರಿನ ಪೇಟೆಯಲ್ಲಿ ತೆಲುಗು, ಬಸ್ಸಿನಲ್ಲಿ ದಖನಿ. ಮೂರು ನಾಲ್ಕು ಭಾಷೆಗಳ ಪದಗಳನ್ನು ಅದರದರ ಜಾಗದಲ್ಲಿ ಬಳಸುವ ಮಗು ಇಂಗ್ಲಿಷ್ ಪಾಠದ ಅತಿ ಕಷ್ಟದ ಭಾಗವನ್ನು ಆಗಲೇ ದಾಟಿದೆ.

‘ವರ್ಡ್ ನೋಡಿದ್ರ ಅರ್ಥ ತಿಳೀತದ’

ಕೆಲವೊಮ್ಮೆ. ‘ರೆಸ್ಟಿವ್’ನಲ್ಲಿ ವಿಶ್ರಾಂತಿ ಇಲ್ಲ, ಚಡಪಡಿಕೆ ಇದೆ. ‘ನಾಯ್ಸಮ್’ ಅಂದರೆ ಗದ್ದಲವಲ್ಲ, ದುರ್ನಾತ. ‘ಎನರ್ವೇಟ್’ ಶಕ್ತಿ ಕೊಡುವುದಿಲ್ಲ, ಹೀರುತ್ತದೆ. ಟ್ಯಾಂಕರಿನ ಬೆನ್ನ ಮೇಲಿನ ‘ಇನ್‌ಫ್ಲೇಮಬಲ್’ ಪದವನ್ನು ‘ಬೆಂಕಿ ಹತ್ತುವುದಿಲ್ಲ’ ಎಂದು ಊಹಿಸಿ ಬೀಡಿ ಹಚ್ಚಿದವರ ಪಾಡು ದೇವರಿಗೇ ಪ್ರೀತಿ.

‘ನಮ್ಮ ಊರಾಗ ಇಂಗ್ಲಿಷ್ ಎಲ್ಲಿ ಅದ?’

ಕಣ್ಣೆದುರಿಗೇ ಇದೆ. ಸಿಮೆಂಟ್ ಕಾರ್ಖಾನೆಯ ಕಾರ್ಮಿಕ ದಿನವೂ ಆಡುವ ‘ಕ್ಲಿಂಕರ್’ ಡಚ್ಚರಿಂದ ಇಂಗ್ಲಿಷಿಗೆ ಬಂದ ಪದ. ಬಡಿದರೆ ಠಣ್ಣೆನ್ನುವ ಗಟ್ಟಿ ಇಟ್ಟಿಗೆಗೆ ಅವರು ಇಟ್ಟ ಹೆಸರು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ‘ಸ್ಲ್ಯಾಬ್’, ‘ಪಾಲಿಶ್’ಗಳಿಗೆ ಯಾರೂ ಅರ್ಥ ಕೇಳುವುದಿಲ್ಲ. ಚಿಂಚೋಳಿಯ ವನ್ಯಜೀವಿಧಾಮದ ಫಲಕದಲ್ಲಿರುವ ‘ಸ್ಯಾಂಕ್ಚುರಿ’ ಒಂದು ಕಾಲಕ್ಕೆ ಪವಿತ್ರ ಸ್ಥಳ. ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಜನ ಓಡಿಹೋಗಿ ಸೇರುತ್ತಿದ್ದ ಇಗರ್ಜಿ. ಈಗ ಅಲ್ಲಿ ತೋಳಗಳಿಗೆ ಆಸರೆ.

ಕೊನೆಗೆ ಪುಸ್ತಕಗಳ ಮಾತು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 11ನೇ ಶತಮಾನದಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. ಅಲ್ಲಿನ 1058ರ ಶಾಸನದ ಪ್ರಕಾರ ವೇದ, ಶಾಸ್ತ್ರ ಓದುತ್ತಿದ್ದ ಸುಮಾರು 250 ವಿದ್ಯಾರ್ಥಿಗಳಿಗೆ ಆರು ಮಂದಿ ಸರಸ್ವತೀ ಭಾಂಡಾರಿಗರು, ಅಂದರೆ ಗ್ರಂಥಪಾಲಕರು ಇದ್ದರು. ಇಂದು ಅದೇ ಸೀಮೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು. ಅಲ್ಲಿಗೆ ಪುಸ್ತಕ ಆರಿಸುವವರಲ್ಲಿ ಒಂದು ಕೋರಿಕೆ: ‘ಒಂದು ಸಾವಿರ ಕಠಿಣ ಪದಗಳು’ ಥರದ ಗೈಡುಗಳಲ್ಲಿ ನಾಲ್ಕನ್ನು ಬಿಟ್ಟು, ಆ ದುಡ್ಡಿಗೆ ಕಲಿಯುವವರಿಗೆಂದು ಮಾಡಿದ, ವಾಕ್ಯಗಳಿಂದ ತುಂಬಿದ ಒಂದು ಒಳ್ಳೆಯ ಇಂಗ್ಲಿಷ್ ನಿಘಂಟು ತರಿಸಿ. ತಂದದ್ದನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಬೇಡಿ, ಮೇಜಿನ ಮೇಲಿಡಿ.