ಮನಾಮದಲ್ಲಿ ಶೋನೋದ ಮಳೆ

ನಮ್ಮ ಮನೆಗೆ ಬಂದವರು ಹಾಲ್‌ನ ಗೋಡೆ ನೋಡಿ ಮೊದಲು ಕೇಳುವ ಪ್ರಶ್ನೆ, "ಇದು ಪ್ರಿಂಟಾ, ಕೈಯಲ್ಲಿ ಬರೆದದ್ದಾ?" ಕೈಯಲ್ಲಿ ಬರೆದದ್ದು ಎಂದರೆ ಎರಡನೆಯ ಪ್ರಶ್ನೆ, "ಹಾಗಾದರೆ ನಿಮ್ಮದೇ ಚಿತ್ರವಾ?" ಇಲ್ಲಿ ನಾನು ತಡವರಿಸುತ್ತೇನೆ. ಚಿತ್ರ ಜಪಾನಿನ ಹಿರೋಶಿಗೆಯದ್ದು, ಕೈ ನನ್ನದು.

ಕುಂದಾಪುರದ ಕಡೆಯಿಂದ ಬಹರೈನ್‌ಗೆ ಬಂದ ಮೊದಲ ವರ್ಷ ಜೂನ್ ತಿಂಗಳಲ್ಲಿ ನನಗಾದ ಸಂಕಟ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಊರಿನಲ್ಲಿ ವರ್ಷಕ್ಕೆ ನೂರೈವತ್ತು ಇಂಚು ಮಳೆ, ಇಲ್ಲಿ ಮೂರು ಇಂಚು ಬಿದ್ದರೆ ಹೆಚ್ಚು. ಅದೇ ದಿನಗಳಲ್ಲಿ ಆಫೀಸಿನ ಒಂದು ಹಳೆಯ ಕ್ಯಾಲೆಂಡರ್‌ನಲ್ಲಿ ಶೋನೋ ಎಂಬ ಊರಿನ ಮಳೆಯನ್ನು ಕಂಡೆ. ಇಳಿಜಾರಿನ ದಾರಿ, ಪಲ್ಲಕ್ಕಿ ಹೊತ್ತು ಏದುಸಿರು ಬಿಡುತ್ತ ಏರುವವರು, ನಮ್ಮ ಗೊರಬಿನಂಥ ಹುಲ್ಲಿನ ಹೊದಿಕೆ ಹೊದ್ದು ಇಳಿದೋಡುವವರು, ಹಿಂದೆ ಗಾಳಿಗೆ ಬಾಗಿದ ಬಿದಿರ ಮೆಳೆ. ಅಂದು ಸಂಜೆಯೇ ಮನಾಮದ ಒಂದು ಸ್ಟೇಷನರಿ ಅಂಗಡಿಯಿಂದ ಜಲವರ್ಣದ ಪೆಟ್ಟಿಗೆ ತಂದೆ. ಶಾಲೆ ಬಿಟ್ಟ ಮೇಲೆ ಬ್ರಶ್ ಹಿಡಿದದ್ದು ಅದೇ ಮೊದಲು.

ಹಿರೋಶಿಗೆ ಎಡೋದಿಂದ, ಎಂದರೆ ಇಂದಿನ ಟೋಕಿಯೋದಿಂದ, ಕ್ಯೋಟೋವರೆಗಿನ ಹೆದ್ದಾರಿಯ 53 ತಂಗುದಾಣಗಳನ್ನು 1833-34ರ ಸುಮಾರಿಗೆ ಚಿತ್ರಿಸಿದ. ಎರಡು ತುದಿಗಳೂ ಸೇರಿ ಒಟ್ಟು 55 ಚಿತ್ರ. ಶೋನೋ ಅವುಗಳಲ್ಲಿ ಒಂದು. ಅದರಲ್ಲಿ ಓಡುವವನ ಛತ್ರಿಯ ಮೇಲೆ ಪ್ರಕಾಶಕನ ಹೆಸರೂ ಇದೆ. ಜಾಹೀರಾತು ನಮ್ಮ ಕಾಲದ ರೋಗವೆಂದು ತಿಳಿದಿದ್ದೆ!

ಇನ್ನು ಈ ಚಿತ್ರಗಳಲ್ಲಿ 'ಮೂಲ' ಯಾವುದು? ಕಲಾವಿದ ತೆಳು ಕಾಗದದಲ್ಲಿ ಬರೆದುಕೊಟ್ಟದ್ದನ್ನು ಕೆತ್ತುವವನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಕಾಗದದ ಮೂಲಕವೇ ಕೆತ್ತುತ್ತಾನೆ. ಚಿತ್ರ ಅಲ್ಲಿಗೆ ನಾಶ. ಬಣ್ಣಬಣ್ಣಕ್ಕೆ ಬೇರೆ ಅಚ್ಚು. ಅಚ್ಚೊತ್ತುವವನು ಮತ್ತೊಬ್ಬ. ಅವನು ಹಲಗೆಯ ಮೇಲಿನ ಹಸಿ ಬಣ್ಣವನ್ನು ಒರೆಸಿ, ಕಡುವಿನಿಂದ ತಿಳಿಗೆ ಜಾರುವಂತೆ ಮಾಡುತ್ತಾನೆ. ಇದಕ್ಕೆ ಬೊಕಾಶಿ ಎನ್ನುತ್ತಾರೆ. ಒಂದೊಂದು ಚಿತ್ರಕ್ಕೆ ಸಾವಿರಾರು ಪ್ರತಿ, ಬೆಲೆ ಒಂದೆರಡು ಬಟ್ಟಲು ನೂಡಲ್ಸಿನಷ್ಟು. ಹೀಗೆ ಎಲ್ಲವೂ ಪ್ರತಿಯೇ ಆಗಿರುವಾಗ ನನ್ನದೂ ಒಂದು ಪ್ರತಿ ಎಂದು ಸಮಾಧಾನ ಮಾಡಿಕೊಂಡೆ. 1887ರಲ್ಲಿ ಪ್ಯಾರಿಸ್‌ನಲ್ಲಿ ವಾನ್ ಗೋ ಕೂಡ ಹಿರೋಶಿಗೆಯ ಮಳೆ ಸುರಿಯುವ ಸೇತುವೆಯನ್ನು ತೈಲವರ್ಣದಲ್ಲಿ ನಕಲು ಮಾಡಿದ್ದ. ಸುತ್ತ ಅಂಚಿಗೆ ಬೇರೆ ಚಿತ್ರಗಳಿಂದ ಜಪಾನೀ ಅಕ್ಷರಗಳನ್ನು ತಂದು ತುಂಬಿದ. ಆದರೆ ಬಣ್ಣ ಅವನದೇ. ನೋಡಿದವರಿಗೆ ವಾನ್ ಗೋ ಎಂದು ತಕ್ಷಣ ತಿಳಿಯುತ್ತದೆ.

ಕೈಯಲ್ಲಿ ಬರೆಯುವವನಿಗೆ ಬೊಕಾಶಿಯೇ ದೊಡ್ಡ ಶತ್ರು. ಎ.ಸಿ. ಕೋಣೆಯಲ್ಲಿ ಕಾಗದ ಕ್ಷಣಕ್ಕೆ ಒಣಗಿ ಆಕಾಶದಲ್ಲಿ ಪಟ್ಟೆ ಬೀಳುತ್ತಿತ್ತು. ಹತ್ತಾರು ಹಾಳೆ ಹಾಳಾದ ಮೇಲೆ ಒಂದು ಆಗಸ್ಟ್ ರಾತ್ರಿ ಬಾಲ್ಕನಿಯಲ್ಲಿ ಕೂತೆ. ನಾವೆಲ್ಲ ಬೈಯುವ ಆ ಬೆವರು ಸುರಿಯುವ ಸೆಕೆಯಲ್ಲಿ ಹಾಳೆ ಒದ್ದೆಯಾಗಿಯೇ ಉಳಿಯಿತು, ಬಣ್ಣ ಹೇಳಿದಂತೆ ಕೇಳಿತು. "ಹುಚ್ಚು ಹಿಡಿದಿದೆ ನಿಮಗೆ" ಎಂದು ಮನೆಯವಳು ಬಾಗಿಲು ಮುಚ್ಚಿಕೊಂಡಳು. ಬಿದಿರಿನ ಮೂರು ಬಗೆಯ ಬೂದು ಅಂದು ಬಂತು. ಮಳೆಯ ಗೆರೆಗಳಿಗೆ ಇನ್ನೆರಡು ವರ್ಷ ಹಿಡಿಯಿತು. ಅವನ್ನು ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆಯಬೇಕು. ಸ್ಕೇಲ್ ಇಟ್ಟರೆ ಮಳೆ ಹೋಗಿ ಕಂಬಿಯಾಗುತ್ತದೆ.

ಒಮ್ಮೆ ರಜೆಯಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೋಗಿದ್ದೆ. ಕೆ. ವೆಂಕಟಪ್ಪನವರ ಊಟಿಯ ಮಂಜು ನೋಡಿದಾಗ ಇದನ್ನೆಲ್ಲೋ ಕಂಡಿದ್ದೇನೆ ಅನಿಸಿತು. ಅನಿಸಿದ್ದು ಸುಳ್ಳಲ್ಲ. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ತೈಕಾನ್ ಮತ್ತು ಶುನ್ಸೋ ಅವರಿಂದ ಅವನೀಂದ್ರನಾಥ ಠಾಕೂರರು ಬಣ್ಣ ತೊಯಿಸಿ ಹರಡುವ ವಿಧಾನವನ್ನು ಕಂಡುಕೊಂಡರು. ನಮ್ಮ ವೆಂಕಟಪ್ಪನವರು ಅವರ ಶಿಷ್ಯರು.

ಈಗ ಹೇಳಲೇಬೇಕಾದ ವಿಷಯ. ಕೆಲವು ವರ್ಷಗಳ ಹಿಂದೆ ಫ್ರೇಮ್ ಹಾಕಿಸಲು ಹೋದಾಗ ಅಂಗಡಿಯವನು, "ಭಾಯ್, ಕೆಳಗೆ ನಿಮ್ಮ ಹೆಸರು ಬೇಡ. ಆ ಕೆಂಪು ಮುದ್ರೆಯನ್ನೂ ಬರೆದುಕೊಡಿ, 25 ದಿನಾರ್ ಕೊಡುತ್ತೇನೆ" ಎಂದ. ಊರಿಗೆ ಹೋಗುವ ಸಮಯ, ಮಕ್ಕಳ ಟಿಕೆಟ್ಟಿನ ಖರ್ಚು. ಬರೆದುಕೊಟ್ಟೆ. ಹಳೆಯದರಂತೆ ಕಾಣಲೆಂದು ಚಹಾದ ನೀರನ್ನೂ ಬಳಿದೆ.

ಬಹರೈನ್‌ನಲ್ಲಿದ್ದು ನಾನು ಮಾಡಬಾರದಿದ್ದ ಕೆಲಸ ಅದು. ಮಿಕಿಮೊಟೊ 1893ರಲ್ಲಿ ಚಿಪ್ಪಿನಲ್ಲಿ ಮುತ್ತು ಬೆಳೆಸಿದ. 1920ರ ದಶಕದಲ್ಲಿ ಜಪಾನಿನ ದುಂಡು ಮುತ್ತು ಯುರೋಪಿನ ಪೇಟೆಗೆ ನುಗ್ಗಿತು. 1929ರ ಆರ್ಥಿಕ ಕುಸಿತವೂ ಸೇರಿ ಇಲ್ಲಿನ ಮುತ್ತಿನ ಕಸುಬು ನೆಲ ಕಚ್ಚಿತು. 1932ರಲ್ಲಿ ಎಣ್ಣೆ ಸಿಗದಿದ್ದರೆ ಈ ದ್ವೀಪದ ಗತಿ ಏನಾಗುತ್ತಿತ್ತೋ, ನಾವು ನೀವು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಸಾಕಿದ ಮುತ್ತಿನ ವ್ಯಾಪಾರವನ್ನು ಬಹರೈನ್ ನಿಷೇಧಿಸಿತು. ಮೇಲೆ ನೋಡಿದರೆ ಎರಡೂ ಒಂದೇ, ಎಕ್ಸ್-ರೇ ಹಿಡಿದರೆ ಮಾತ್ರ ಒಳಗಿನ ಗುಂಡು ಕಾಣುತ್ತದೆ. ಸಾಕಿದ ಮುತ್ತೂ ಚೆಂದವೇ, ಹೇಳಿ ಮಾರಿದರೆ.

ಕಳೆದ ವರ್ಷ ನಮ್ಮವರೇ ಒಬ್ಬರ ಮನೆಯ ಪೂಜೆಗೆ ಹೋಗಿದ್ದೆ. ಸೋಫಾದ ಮೇಲೆ ಶೋನೋ! "ಜಪಾನಿನದ್ದು ಸಾರ್, ಹಳೇ ಒರಿಜಿನಲ್" ಎಂದು ಯಜಮಾನರು ಹೆಮ್ಮೆಯಿಂದ ತೋರಿಸಿದರು. ಎಡಗಡೆಯ ಬಿದಿರಿನಲ್ಲಿ ನನ್ನ ಬ್ರಶ್ ಜಾರಿದ ಗುರುತು ಹಾಗೆಯೇ ಇತ್ತು. "ಚೆನ್ನಾಗಿದೆ" ಎಂದು ಪ್ರಸಾದ ತಿಂದು ಬಂದೆ. ಎಷ್ಟು ಕೊಟ್ಟಿರಿ ಎಂದು ಕೇಳುವ ಧೈರ್ಯ ಬರಲಿಲ್ಲ.

ಅದರ ನಂತರ ಬರೆದ ಪ್ರತಿಯೊಂದರ ಕೆಳಗೂ 'ಹಿರೋಶಿಗೆಯನ್ನು ನೋಡಿ ಬರೆದದ್ದು' ಎಂದು ಕನ್ನಡದಲ್ಲಿ ಬರೆದು ಹೆಸರು ಹಾಕುತ್ತೇನೆ. ಆ ಮನೆಯವರು ಸಂಘದ ಸದಸ್ಯರು, ಈ ಸಂಚಿಕೆ ಅವರ ಕೈಗೂ ಬರುತ್ತದೆ. ಸಾರ್, ಮುಂದಿನ ಶುಕ್ರವಾರ ಬ್ರಶ್ ಹಿಡಿದು ಬರುತ್ತೇನೆ. ಫ್ರೇಮ್ ಬಿಚ್ಚಿಕೊಟ್ಟರೆ ಆ ಸಾಲನ್ನು ಅದಕ್ಕೂ ಬರೆಯುತ್ತೇನೆ. ಬೇಡವೆಂದರೆ ಚಿತ್ರ ಹಿಂದಕ್ಕೆ ಕೊಡಿ, ನೀವು ಕೊಟ್ಟಷ್ಟು ದಿನಾರ್ ಲಕೋಟೆಯಲ್ಲಿ ತಂದಿರುತ್ತೇನೆ.