ಮೊದಲು ಕಿರ್ದಿ, ಆಮೇಲೆ ಖಾತೆ



ಸಾವರ್ಡೆ, ಕುಡಚಡೆ ಪೇಟೆಯ ಹಳೆಯ ಕಿರಾಣಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಕಂಡೇ ಇರುತ್ತೀರಿ. ಒಂದು ಕಿರ್ದಿ, ಇನ್ನೊಂದು ಖಾತೆ ಪುಸ್ತಕ. ಕಿರ್ದಿಯಲ್ಲಿ ಆ ದಿನದ ವ್ಯವಹಾರವನ್ನು ಬಂದ ಕ್ರಮದಲ್ಲೇ ಒಂದರ ಕೆಳಗೊಂದು ಬರೆಯುತ್ತಾರೆ. ಪುಟ ಹುಡುಕುವ ಗೋಜಿಲ್ಲ. ಖಾತೆ ಪುಸ್ತಕದಲ್ಲಾದರೋ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಎದುರಿಗೆ ಹತ್ತು ಜನ ನಿಂತಿರುವಾಗ ಒಬ್ಬೊಬ್ಬರ ಪುಟ ತೆಗೆದು ಬರೆಯುತ್ತ ಕೂತರೆ ವ್ಯಾಪಾರ ನಡೆದೀತೇ? ಆದ್ದರಿಂದ ಹಗಲೆಲ್ಲ ಕಿರ್ದಿ. ರಾತ್ರಿ ಬಾಗಿಲು ಎಳೆದ ಮೇಲೆ ಖಾತೆಗೆ ಏರಿಸುವ ಕೆಲಸ.

ಇವತ್ತು ನಾನು ಹೇಳಹೊರಟಿರುವುದು ಗಣಕಯಂತ್ರದ ವಿಚಾರ. ದೊಡ್ಡ ಕಚೇರಿಗಳಲ್ಲಿ ಹಲವರ ದಾಖಲೆಗಳನ್ನು ಒಂದೇ ಕಡೆ ಇಟ್ಟುಕೊಳ್ಳುವ ಯಂತ್ರವಿರುತ್ತದೆ. ಅದಕ್ಕೆ ಸ್ಟೋರೇಜ್ ಸರ್ವರ್ ಎನ್ನುತ್ತಾರೆ. ಆ ಸರ್ವರಿಗೆ ಒಂದು ಚುರುಕಾದ ಕಿರ್ದಿ ಪುಸ್ತಕ ಇಟ್ಟುಕೊಡುವ ಉಪಾಯ ಇದು. ಕೇಳಲು ಸಣ್ಣ ವಿಷಯ. ಆದರೆ ನಮ್ಮ ಮನೆಬಾಗಿಲಿಗೆ ಬರುವ ಪಿಗ್ಮಿ ವಸೂಲಿಯವರ ಮರ್ಯಾದೆ ಕೂಡ ಇದರ ಮೇಲೆ ನಿಂತಿರಬಹುದು.

ಪಿಗ್ಮಿ ಠೇವಣಿ ಶುರುವಾದದ್ದು ನಮ್ಮ ಕರಾವಳಿಯಲ್ಲೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ, ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಹಣ ಕೂಡಿಸುವ ಈ ಪದ್ಧತಿಯನ್ನು ಆರಂಭಿಸಿತು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಮಾತು ಊರೂರಲ್ಲಿ ಉಳಿದಿದೆ. ಈಗ ವಸೂಲಿಗೆ ಬರುವವರ ಕೈಯಲ್ಲಿ ಪುಟ್ಟ ಯಂತ್ರವಿರುತ್ತದೆ. ನೀವು ನೂರು ರೂಪಾಯಿ ಕೊಡುತ್ತೀರಿ, ಯಂತ್ರ ಚೀಟಿ ಕೊಡುತ್ತದೆ. ಚೀಟಿ ಬಂತೆಂದರೆ ಹಣ ಜಮಾ ಆಯಿತು, ಅಲ್ಲವೇ?

ಹೀಗೆ ಊಹಿಸಿಕೊಳ್ಳಿ. ಜೂನ್ ತಿಂಗಳು, ಗುಡುಗು ಮಳೆ. ಒಂದು ಸೊಸೈಟಿಯ ಸರ್ವರಿಗೆ ನಿಮ್ಮ ನೂರು ರೂಪಾಯಿಯ ಲೆಕ್ಕ ತಲುಪಿದೆ. ಸರ್ವರ್ ಅದನ್ನು ತನ್ನ ತಾತ್ಕಾಲಿಕ ಸ್ಮರಣೆಯಲ್ಲಿ ಇಟ್ಟುಕೊಂಡು, ಡಿಸ್ಕಿಗೆ ಇನ್ನೂ ಬರೆಯದೆಯೇ, "ಬರೆದಾಯಿತು" ಎಂದು ಉತ್ತರಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯಿಂದ "ಲಾಯ್ಟ್ ಗೆಲಿ!" ಎಂಬ ಕೂಗು. ಕರೆಂಟ್ ಹೋದೊಡನೆ ಆ ಸ್ಮರಣೆ ಒರೆಸಿದ ಪಾಟಿಯಂತಾಗುತ್ತದೆ. ಮರುದಿನ ಚೀಟಿ ನಿಮ್ಮ ಕೈಯಲ್ಲಿದೆ, ಖಾತೆಯಲ್ಲಿ ಹಣವಿಲ್ಲ. ಯಂತ್ರದ ಮೇಲೆ ಯಾರೂ ಸಂಶಯಪಡುವುದಿಲ್ಲ. ಮಳೆಯಲ್ಲಿ ನೆನೆದು ಬಂದ ವಸೂಲಿಯವರನ್ನೇ ಕೇಳುತ್ತಾರೆ.

ಹಾಗಾದರೆ ಡಿಸ್ಕಿನಲ್ಲಿ ಬರೆದು ಮುಗಿಸಿದ ಮೇಲೆಯೇ ಉತ್ತರ ಕೊಡಲಿ ಎನ್ನುತ್ತೀರಿ. ಅದು ನ್ಯಾಯವಾದ ಮಾತು. ದತ್ತಾಂಶ ಸಂಗ್ರಹದ ತಂತ್ರಾಂಶಗಳು ಸರ್ವರನ್ನು ಕೇಳುವುದೂ ಹಾಗೆಯೇ. ತೊಂದರೆ ಇರುವುದು ವೇಗದಲ್ಲಿ. ತಿರುಗುವ ಹಾರ್ಡ್ ಡಿಸ್ಕು ನಿಮಿಷಕ್ಕೆ 7200 ಸುತ್ತು ಸುತ್ತುತ್ತದೆ, ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಬರೆಯುವ ಮುಳ್ಳು ಸರಿಯಾದ ಜಾಗಕ್ಕೆ ಸರಿಯಬೇಕು, ಆ ಜಾಗ ಸುತ್ತಿ ಬಂದು ಅದರ ಕೆಳಗೆ ನಿಲ್ಲಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಬರೆಯುವಾಗ ಒಂದು ಡಿಸ್ಕಿನಿಂದ ಸೆಕೆಂಡಿಗೆ ನೂರರ ಆಸುಪಾಸು ಬರವಣಿಗೆ ಸಾಧ್ಯ, ಅಷ್ಟೇ. ಐನೂರು ಜನ ಒಟ್ಟಿಗೆ ಬಂದರೆ ಸಾಲು ಬೆಳೆಯುತ್ತದೆ. ನಮ್ಮ ಕಿರಾಣಿ ಅಂಗಡಿಯ ಅದೇ ಸಮಸ್ಯೆ.

ಪರಿಹಾರವೂ ಅದೇ. ಮೊದಲು ಕಿರ್ದಿಯಲ್ಲಿ ಬರೆ, ಆಮೇಲೆ ಖಾತೆಗೆ ಏರಿಸು ಎಂಬ ಸೂತ್ರ ಗಣಕಶಾಸ್ತ್ರಕ್ಕೆ ಹೊಸದಲ್ಲ. ಮದರಾಸಿನ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ 'ಆರೀಸ್' ಎಂಬ ವಿಧಾನ, ಇಂಥ ಕಿರ್ದಿಯಿಂದ ಅಪಘಾತದ ನಂತರ ಲೆಕ್ಕವನ್ನು ಹೇಗೆ ಮರಳಿ ಕಟ್ಟಬೇಕೆಂದು ತೋರಿಸಿಕೊಟ್ಟಿತು. ಕಡತಗಳನ್ನು ಕಾಯುವ ತಂತ್ರಾಂಶಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಝಡ್‌ಎಫ್‌ಎಸ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ 2001ರಲ್ಲಿ ಕಟ್ಟತೊಡಗಿದ ಇದು 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು.

ಝಡ್‌ಎಫ್‌ಎಸ್ ಬಂದ ಬರಹವನ್ನೆಲ್ಲ ಸ್ಮರಣೆಯಲ್ಲಿ ಕೂಡಿಸಿಕೊಂಡು, ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಒಟ್ಟಾಗಿ ಡಿಸ್ಕಿಗೆ ಇಳಿಸುತ್ತದೆ. ಇದು ಖಾತೆಗೆ ಏರಿಸುವ ಕೆಲಸ. ಆದರೆ "ಖಾತ್ರಿಯಾಗಿ ಬರೆದು ಹೇಳು" ಎಂಬ ಕೋರಿಕೆ ಬಂದರೆ, ಆ ಬರಹವನ್ನು ತಕ್ಷಣ ಒಂದು ಕಿರ್ದಿಯಲ್ಲೂ ಬರೆದು, ನಂತರವೇ "ಆಯಿತು" ಎನ್ನುತ್ತದೆ. ಬೇರೆ ಏರ್ಪಾಡಿಲ್ಲದಿದ್ದರೆ ಈ ಕಿರ್ದಿಯೂ ಅದೇ ತಿರುಗುವ ಡಿಸ್ಕಿನ ಒಂದು ಮೂಲೆಯಲ್ಲಿರುತ್ತದೆ. ಪಾಪ, ಒಂದೇ ಡಿಸ್ಕು ಎರಡೆರಡು ಸಲ ಬರೆಯಬೇಕು. ಕಿರ್ದಿಯನ್ನು ತೆಗೆದು ತಿರುಗುವ ಭಾಗವೇ ಇಲ್ಲದ ಸಾಲಿಡ್ ಸ್ಟೇಟ್ ಡ್ರೈವಿನಲ್ಲಿ, ಅಂದರೆ ಎಸ್‌ಎಸ್‌ಡಿಯಲ್ಲಿ ಇಟ್ಟರೆ, ಮಿಲಿಸೆಕೆಂಡುಗಳ ಕಾಯುವಿಕೆ ಮೈಕ್ರೋಸೆಕೆಂಡುಗಳಿಗೆ ಇಳಿಯುತ್ತದೆ. 2008ರ ನವೆಂಬರಿನಲ್ಲಿ ಸನ್ ಕಂಪನಿ ಮಾರುಕಟ್ಟೆಗೆ ತಂದ ಸ್ಟೋರೇಜ್ ಯಂತ್ರಗಳಲ್ಲಿ ಇದಕ್ಕೆಂದೇ 18 ಗಿಗಾಬೈಟಿನ ಎಸ್‌ಎಸ್‌ಡಿ ಇಡುವ ಏರ್ಪಾಡಿತ್ತು. ಬರೀ ಹದಿನೆಂಟು! ಇಂದು ಜೇಬಿನಲ್ಲಿರುವ ಫೋನಿನಲ್ಲೇ ಅದಕ್ಕಿಂತ ಹೆಚ್ಚು ಜಾಗವಿರುತ್ತದೆ.

ಅಷ್ಟು ಸಣ್ಣದು ಸಾಲುತ್ತದೆಯೇ? ಲೆಕ್ಕ ಹಾಕೋಣ. ಸೆಕೆಂಡಿಗೆ ಒಂದು ಗಿಗಾಬಿಟ್ಟಿನ ಜಾಲದಿಂದ ಸುಮಾರು 120 ಮೆಗಾಬೈಟ್ ಬರಬಹುದು. ಐದು ಸೆಕೆಂಡಿಗೆ 600 ಮೆಗಾಬೈಟ್. ಒಂದು ಕಂತು ಇಳಿಯುತ್ತಿರುವಾಗ ಇನ್ನೊಂದು ತುಂಬುತ್ತಿರುತ್ತದೆ ಎಂದು ಮೂರು ಕಂತು ಹಿಡಿದರೂ 2 ಗಿಗಾಬೈಟ್ ಮೀರುವುದಿಲ್ಲ. ಖಾತೆಗೆ ಏರಿದ ಮೇಲೆ ಕಿರ್ದಿಯ ಆ ಪುಟದ ಕೆಲಸ ಮುಗಿಯಿತು, ಅದರ ಮೇಲೆಯೇ ಮತ್ತೆ ಬರೆಯಬಹುದು.

ಇಲ್ಲಿ ನನ್ನ ಅಂಗಡಿಯ ಹೋಲಿಕೆ ಒಂದು ಕಡೆ ತಪ್ಪುತ್ತದೆ. ಅಂಗಡಿಯವರು ರಾತ್ರಿ ಕಿರ್ದಿ ನೋಡಿ ಖಾತೆ ಬರೆಯುತ್ತಾರೆ. ಸರ್ವರ್ ಹಾಗಲ್ಲ, ತನ್ನ ನೆನಪಿನಿಂದಲೇ ಖಾತೆ ಬರೆಯುತ್ತದೆ. ಕಿರ್ದಿಯನ್ನು ತೆರೆದು ಓದುವುದು ಒಂದೇ ಸಂದರ್ಭದಲ್ಲಿ: ಯಂತ್ರ ದಿಢೀರನೆ ನಿಂತು, ನೆನಪೆಲ್ಲ ಹೋಗಿ, ಮತ್ತೆ ಎದ್ದಾಗ. ಆದ್ದರಿಂದ ಈ ಎಸ್‌ಎಸ್‌ಡಿ ಹಾಕಿದರೆ ಕಡತ ಓದುವುದು ಚುರುಕಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೊಡ್ಡ ವೀಡಿಯೋ, ಫೋಟೋ ನಕಲು ಮಾಡಿ ಇಡುವ ಮನೆಗೂ ಇದರಿಂದ ಲಾಭವಿಲ್ಲವೆಂದೇ ಹೇಳಬೇಕು, ಏಕೆಂದರೆ ಅಂಥ ನಕಲಿನಲ್ಲಿ ಖಾತ್ರಿಯ ಕೋರಿಕೆ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಎಸ್‌ಎಸ್‌ಡಿಯೊಳಗೂ ಒಂದು ಸಣ್ಣ ತಾತ್ಕಾಲಿಕ ಸ್ಮರಣೆ ಇರುತ್ತದೆ. ಅಗ್ಗದ ಡ್ರೈವುಗಳಲ್ಲಿ ಕರೆಂಟ್ ಹೋದರೆ ಅದೂ ಅಳಿಸಿಹೋಗುತ್ತದೆ. ಹಾಗಿದ್ದೂ ಡ್ರೈವು "ಬರೆದೆ" ಎಂದುಬಿಟ್ಟರೆ ಸುಳ್ಳು ಒಂದು ಮೆಟ್ಟಿಲು ಕೆಳಗಿಳಿಯಿತು, ಅಷ್ಟೇ. ಪ್ರಾಮಾಣಿಕವಾಗಿ ನಿಜವಾದ ಕೋಶಕ್ಕೆ ಬರೆದೇ ಉತ್ತರ ಕೊಡುವ ಅಗ್ಗದ ಡ್ರೈವು ಈ ಕೆಲಸದಲ್ಲಿ ನಿಧಾನವಾಗುತ್ತದೆ. ಸರ್ವರಿಗೆಂದು ಮಾಡಿದ ಡ್ರೈವುಗಳಲ್ಲಿ ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ. ಕರೆಂಟ್ ಹೋದ ಕ್ಷಣದಲ್ಲಿ ಅವುಗಳಲ್ಲಿ ತುಂಬಿಟ್ಟ ವಿದ್ಯುತ್ತು, ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಹೊತ್ತು ಡ್ರೈವನ್ನು ಉಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ವೇಗದ ಅಂಕಿ ನೋಡುವ ಮೊದಲು ಕೇಳಬೇಕಾದದ್ದು ಇದನ್ನೇ.

ಸವೆತವೂ ಒಂದಿದೆ. ಖಾತ್ರಿಯ ಬರಹವೆಲ್ಲ ಈ ಒಂದು ಡ್ರೈವಿನ ಮೂಲಕವೇ ಹೋಗಬೇಕು. ಸೆಕೆಂಡಿಗೆ 10 ಮೆಗಾಬೈಟ್ ಎಂದರೂ ದಿನಕ್ಕೆ 864 ಗಿಗಾಬೈಟ್ ಆಯಿತು. 600 ಟೆರಾಬೈಟ್ ಬರೆಯಲು ಭರವಸೆ ಕೊಟ್ಟ ಡ್ರೈವಿನ ಆಯಸ್ಸು ಆ ಲೆಕ್ಕದಲ್ಲಿ ಎರಡು ವರ್ಷದೊಳಗೇ ತೀರುತ್ತದೆ. ಇದೇ ಕಾರಣಕ್ಕೆ 2017ರಿಂದ ಬಂದ ಇಂಟೆಲ್‌ನ ಆಪ್ಟೇನ್ ಡ್ರೈವುಗಳನ್ನು ಈ ಕೆಲಸ ಬಲ್ಲವರು ಬಹಳ ಮೆಚ್ಚಿದ್ದರು. 2022ರಲ್ಲಿ ಕಂಪನಿ ಆ ವ್ಯವಹಾರವನ್ನೇ ಕೈಬಿಟ್ಟಿತು.

ಕಿರ್ದಿಯ ಡ್ರೈವೇ ಕೆಟ್ಟರೆ? ಸರ್ವರ್ ನಡೆಯುತ್ತಿರುವಾಗ ಕೆಟ್ಟರೆ ಗಾಬರಿಯಿಲ್ಲ. ಬರಹ ಇನ್ನೂ ನೆನಪಿನಲ್ಲಿದೆ. ಕಿರ್ದಿಯ ಕೆಲಸ ಮತ್ತೆ ಹಳೆಯ ಡಿಸ್ಕುಗಳಿಗೆ ಬೀಳುತ್ತದೆ, ವೇಗ ಕುಗ್ಗುತ್ತದೆ. ಡ್ರೈವೂ ಕೆಟ್ಟು, ಅದೇ ಗಳಿಗೆಯಲ್ಲಿ ಕರೆಂಟೂ ಹೋದರೆ ಮಾತ್ರ ಕೊನೆಯ ಕೆಲವು ಸೆಕೆಂಡುಗಳ ಲೆಕ್ಕ ಹೋಗುತ್ತದೆ. ಹಣದ ವ್ಯವಹಾರವಿದ್ದಲ್ಲಿ ಎರಡು ಡ್ರೈವುಗಳಲ್ಲಿ ಒಂದೇ ಕಿರ್ದಿಯನ್ನು ಜೋಡಿಯಾಗಿ ಬರೆಸುವುದು ಇದಕ್ಕಾಗಿಯೇ.

ಯುಪಿಎಸ್ ಇದೆಯಲ್ಲ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಯುಪಿಎಸ್ ಇರಲೇಬೇಕು. ಆದರೆ ಯಂತ್ರದೊಳಗಿನ ಪವರ್ ಸಪ್ಲೈ ಸುಟ್ಟರೆ, ಗುಡಿಸುವಾಗ ಯಾರದೋ ಕಾಲಿಗೆ ವೈರು ತೊಡರಿದರೆ ಅದು ಏನು ಮಾಡೀತು? ಇನ್ನು ಕೆಲವರು ಒಂದು ಸೆಟ್ಟಿಂಗ್ ಬದಲಿಸಿ ಖಾತ್ರಿಯ ಕೋರಿಕೆಯನ್ನೇ ಕಡೆಗಣಿಸುವಂತೆ ಮಾಡಿಬಿಡುತ್ತಾರೆ. ಸರ್ವರ್ ಗಾಳಿಯಂತೆ ಓಡುತ್ತದೆ, ಎಲ್ಲರೂ ಭೇಷ್ ಎನ್ನುತ್ತಾರೆ. ಮೊದಲ ಸಿಡಿಲಿನವರೆಗೆ.

ನಿಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಹೊಸ ಸರ್ವರಿನ ಮಾತು ಬಂದರೆ ಎರಡು ಪ್ರಶ್ನೆ ಕೇಳಿ. ಕಿರ್ದಿಯ ಡ್ರೈವಿನಲ್ಲಿ ಕರೆಂಟ್ ಹೋದಾಗ ಕಾಯುವ ಕೆಪಾಸಿಟರ್ ಇದೆಯೇ? ಲೆಕ್ಕ ಬರೆಯುತ್ತಿರುವಾಗಲೇ ಪ್ಲಗ್ ಕಿತ್ತು, ಕೊಟ್ಟ ಚೀಟಿಗಳನ್ನೆಲ್ಲ ಖಾತೆಯೊಡನೆ ತಾಳೆ ನೋಡಿದ್ದೀರಾ? ಈ ಪರೀಕ್ಷೆಯನ್ನು ಜನರ ಹಣ ಏರಿಸುವ ಮೊದಲೇ, ಸುಳ್ಳು ಹೆಸರಿನ ಖಾತೆಗಳನ್ನು ಹಾಕಿಕೊಂಡು, ಒಂದಲ್ಲ ಹತ್ತು ಸಲ ಮಾಡಬೇಕು.